ಒಂದೇ ಕಿವಿಯ ಡಬ್ಬಿ

ದನಿ ಟೀವಿಯಲ್ಲೇ ಇಲ್ಲವೋ, ಇಲ್ಲ ತನ್ನ ಕಿವಿಗೆ ಬೀಳುತ್ತಿಲ್ಲವೋ?

ವಾದ್ಯವೇನೋ ಕೇಳುತ್ತಿತ್ತು. ಎರಡು ತಂತಿಯ ಪಿಟೀಲು ಎಳೆಯುತ್ತಿತ್ತು, ಕೊಳಲು ಅದರ ಬೆನ್ನು ಹತ್ತಿತ್ತು. ಪರದೆಯ ಮೇಲೆ ಹಳದಿ ಎಣ್ಣೆಕಾಗದದ ಕೊಡೆ ಹಿಡಿದ ಹುಡುಗಿ ಚಹಾಗುಡ್ಡದ ಕಾಲುದಾರಿಯಲ್ಲಿ ನಡೆದು ಬರುತ್ತಿದ್ದಳು. ಕೆಳಗೆ ಹಾಡಿನ ಅಕ್ಷರಗಳು ಒಂದೊಂದಾಗಿ ಬಿಳಿಯಿಂದ ನೀಲಿಗೆ ತಿರುಗುತ್ತಿದ್ದವು. ಅಕ್ಷರ ನೀಲಿಯಾಗುವ ಗಳಿಗೆಗೆ ಸರಿಯಾಗಿ ಹೆಂಡತಿ ಕ್ಯುಕ್‌ಮೊಯ್‌ಳ ದನಿ ಬರಬೇಕು. ಜಿನ್‌ತ್ಯೆನ್ ಉಸಿರು ಬಿಗಿಹಿಡಿದು ಕಾದ. ಸಾಲೆಲ್ಲ ನೀಲಿಯಾಯಿತು. ದನಿ ಬರಲಿಲ್ಲ.

ಮನೆಯಲ್ಲಿ ಯಾರನ್ನು ಕೇಳಿದರೂ ಒಂದು ಮಾತಿನಲ್ಲಿ ಮುಗಿಯುತ್ತಿತ್ತು. ಕೇಳುವುದು ಹೇಗೆ? ಕಳೆದ ಚಳಿಗಾಲದಿಂದ ಅವನ ಎಡಗಿವಿಯಲ್ಲಿ ಜೀರುಂಡೆ ಹೊಕ್ಕಂತಾಗಿತ್ತು. ಊಟದ ಮೇಜಿನಲ್ಲಿ ಜಾಗ ಬದಲಿಸಿಕೊಂಡು, ಮಾತಾಡುವವರೆಲ್ಲ ಬಲಗಡೆಗೆ ಬರುವಂತೆ ನೋಡಿಕೊಂಡಿದ್ದ. ಹಕ್ಕಾ ಜನರ ಗುಡ್ಡದ ಹಾಡುಗಳನ್ನು ವಿಸಿಡಿ ತಟ್ಟೆಗಳಲ್ಲಿ ಅಚ್ಚು ಹಾಕಿ ಮ್ಯಾವ್‌ಲಿ ಜಿಲ್ಲೆಯ ಊರೂರಿಗೆ ಮಾರಿದ ಮನುಷ್ಯ ಅವನು. ಮದುವೆಮನೆಯಲ್ಲಿ ಯಾರದಾದರೂ ಶ್ರುತಿ ಕೂದಲೆಳೆಯಷ್ಟು ಜಾರಿದರೆ ಊಟ ಬಿಟ್ಟು ಏಳುತ್ತಿದ್ದವನು. ಅಂಥವನು ಈಗ ಸೊಸೆಯನ್ನು ಕರೆದು, ನಿನ್ನ ಅತ್ತೆ ಹಾಡುತ್ತಿದ್ದಾಳೋ ಇಲ್ಲವೋ ನೋಡಿ ಹೇಳಮ್ಮ ಎನ್ನುವುದೆ?

ಹಾಗಾಗಿ ಅವನು ಕೇಳಿಸಿದವನಂತೆ ತೊಡೆ ತಟ್ಟಿಕೊಂಡು ಕೂತಿದ್ದ. ಮಧ್ಯಾಹ್ನವಾದರೆ ಸಾಕು, ಹಾರ್ಡ್ ಡಿಸ್ಕನ್ನು ಟೀವಿಯ ಡಬ್ಬಿಗೆ ಸಿಕ್ಕಿಸಿ, ತಾಳ ಹಾಕುತ್ತ ಕೂರುವುದು.

ಸೊಸೆ ಫುಂಗ್‌ಯಿನ್ ಅಂಗಳದಿಂದ ಬಿದಿರಿನ ತಟ್ಟೆ ಎತ್ತಿಕೊಂಡು ಒಳಗೆ ಬಂದಳು. ಒಣಗಲು ಹಾಕಿದ ಕೆಂಪು ಬೋರೆಹಣ್ಣು ಅದರ ತುಂಬ. ಒಂದು ಗಳಿಗೆ ನಿಂತು ಟೀವಿ ನೋಡಿದಳು, ಆಮೇಲೆ ಮಾವನನ್ನು ನೋಡಿದಳು.

"ಮಾವ, ಒಂದ್ ಮಾತು ಕೇಳ್ಲಾ? ಹಾಡೋರೇ ಇಲ್ದಿರೋ ಹಾಡಿಗೆ ಅದೆಷ್ಟು ಅಂತ ತಲೆ ತೂಗ್ತೀರಿ?"

ಜಿನ್‌ತ್ಯೆನ್ ಕೈ ತೊಡೆಯ ಮೇಲೇ ನಿಂತಿತು. "ಹಾಡೋರಿಲ್ವಾ?"

"ಎಲ್ಲಿದಾರೆ? ಬರೀ ಪೀಪಿ, ಕುಯ್ ಕುಯ್."

"ನಿಂಗೂ ಕೇಳಿಸ್ತಿಲ್ವಾ?"

"ನಂಗೂ ಅಂದ್ರೆ?"

"ಏನಿಲ್ಲ. ಹಣ್ಣು ಇರುವೆ ಪಾಲಾಗುತ್ತೆ, ಒಳಗಿಡು."

ಕಿವಿ ಉಳಿಯಿತು ಎಂಬ ಸಮಾಧಾನ ಒಂದು ಗುಟುಕು ಚಹಾ ಇಳಿಯುವಷ್ಟು ಹೊತ್ತು ಇತ್ತು. ಆಮೇಲೆ ಅದರ ಹಿಂದಿನಿಂದ ಇನ್ನೊಂದು ವಿಚಾರ ಬಂದು ಎದೆಯ ಮೇಲೆ ಕೂತಿತು. ಕಿವಿ ಸರಿಯಿದ್ದರೆ, ದನಿ ಇಲ್ಲ.

ಕ್ಯುಕ್‌ಮೊಯ್‌ಗೆ ಕುತ್ತಿಗೆಯ ಗಂಟು ತೆಗೆಸಿದ ಮೇಲೆ ದನಿ ಹೋಗಿ ಬಹಳ ವರ್ಷವಾಗಿತ್ತು. ಒಣ ಬಿದಿರೆಲೆಯನ್ನು ನೆಲದ ಮೇಲೆ ಎಳೆದಂತೆ ಮಾತಾಡುತ್ತಿದ್ದಳು. ಹಾಡುವ ಮಾತು ದೂರವೇ ಉಳಿಯಿತು. ಅವಳ ಹಾಡೆಲ್ಲ ತಟ್ಟೆಗಳಲ್ಲಿತ್ತು. ತಟ್ಟೆ ಆಡಿಸುವ ಹಳೆಯ ಯಂತ್ರ ಕೆಟ್ಟಾಗ, ತೌಫೆನ್ ಪೇಟೆಯ ಅಂಗಡಿಯವನೊಬ್ಬ ಎಲ್ಲವನ್ನೂ ಅಂಗೈಯಗಲದ ಹಾರ್ಡ್ ಡಿಸ್ಕಿಗೆ ಇಳಿಸಿಕೊಟ್ಟಿದ್ದ. "ಯಜಮಾನ್ರೇ, ವಾದ್ಯ, ದನಿ ಎರಡೂ ಇದೆ" ಎಂದು ಎದೆ ಮುಟ್ಟಿ ಹೇಳಿದ್ದ. ಆಮೇಲೆ ಅಂಗಡಿ ಮುಚ್ಚಿ ಎಲ್ಲಿಗೋ ಹೋದ. ಮಗ ಯೆನ್‌ಚುನ್ ಈ ವರ್ಷ ಇಂಟರ್ನೆಟ್ಟಿನ ಟೀವಿ ಡಬ್ಬಿ ತಂದಿಟ್ಟ ಮೇಲೇ ಆ ಡಿಸ್ಕನ್ನು ಸಿಕ್ಕಿಸಲು ಒಂದು ತೂತು ಸಿಕ್ಕಿದ್ದು.

ಇಷ್ಟೇ ಆಗಿದ್ದರೆ ಸದ್ದಿಲ್ಲದೆ ನುಂಗಿಕೊಳ್ಳಬಹುದಿತ್ತು. ಆದರೆ ಜಿನ್‌ತ್ಯೆನ್ ಡಿಸ್ಕನ್ನು ಹಾಕಿ ನೋಡುವುದಕ್ಕೂ ಮೊದಲೇ ಗುಡಿಯ ಮುಂದಿನ ಮಂಟಪದಲ್ಲಿ, ಹಳೆಯ ಮೇಳದವರೆಲ್ಲ ಚಹಾ ಕುಡಿಯುವ ಹೊತ್ತಿನಲ್ಲಿ, ಎದೆಯುಬ್ಬಿಸಿ ಹೇಳಿಬಿಟ್ಟಿದ್ದ: "ಯೀಮಿನ್ ಹಬ್ಬದ ಊಟಕ್ಕೆ ಎಲ್ಲ ನಮ್ಮನೆಗೆ ಬನ್ನಿ. ನಮ್ಮ ಕ್ಯುಕ್‌ಮೊಯ್ ಹಾಡು ಕೇಳಿಸ್ತೀನಿ. ಈಗಿನ ಹುಡುಗೀರು ಕಿವಿ ತೊಳ್ಕೊಂಡು ಕೇಳ್ಬೇಕು, ಹಂಗಿದೆ."

ಊರಿಗಾಗಿ ಮಡಿದವರನ್ನು ನೆನೆಯುವ ಆ ಹಬ್ಬಕ್ಕೆ ತಿಂಗಳೂ ಉಳಿದಿರಲಿಲ್ಲ.

ರಾತ್ರಿ ಊಟಕ್ಕೆ ಉಪ್ಪಿನ ಸಾಸಿವೆ ಸೊಪ್ಪು ಹಾಕಿ ಬೇಯಿಸಿದ ಹಂದಿಮಾಂಸ, ಹಾಗಲಕಾಯಿ ಸಾರು. ಜಿನ್‌ತ್ಯೆನ್ ಅನ್ನದ ಬಟ್ಟಲನ್ನು ಕೆಳಗಿಟ್ಟು ಕೇಳಿದ.

"ಹಳೇ ತಟ್ಟೆ ಎಲ್ಲಿವೆ?"

ಮೊಮ್ಮಗಳು ಪಿನ್‌ರುಯ್ ಅಜ್ಜಿಯ ಕಡೆ ನೋಡಿದಳು.

"ಕಬ್ಬಿಣದ ಪೆಟ್ಟಿಗೇಲಿ ಇದ್ವಲ್ಲ," ಎಂದ ಜಿನ್‌ತ್ಯೆನ್. "ಪೆಟ್ಟಿಗೇಲಿ ಈಗ ಬೆಳ್ಳುಳ್ಳಿ ಇದೆ."

"ತೋಟದಲ್ಲಿವೆ," ಎಂದಳು ಕ್ಯುಕ್‌ಮೊಯ್ ತನ್ನ ಎಲೆಯ ದನಿಯಲ್ಲಿ.

"ತೋಟದಲ್ಲಿ ಏನ್ ಮಾಡ್ತಿವೆ?"

"ಹಕ್ಕಿ ಓಡಿಸ್ತಿವೆ. ದಾರ ಕಟ್ಟಿ ಬೋರೆ ಮರಕ್ಕೆ ತೂಗು ಹಾಕಿದೀನಿ. ಡಿಸ್ಕಿಗೆ ಇಳಿಸ್ಬಿಟ್ಟೆ, ಇನ್ನಿವು ಬೇಡ ಅಂತ ನೀವೇ ಅಂದ್ರಿ."

"ಬೇಡ ಅಂದ್ರೆ ನೇಣು ಹಾಕು ಅಂತಲಾ?"

"ಕಳೆದ ವರ್ಷ ಬುಲ್‌ಬುಲ್ ಹಕ್ಕಿ ಅರ್ಧ ಹಣ್ಣು ತಿಂದಿದ್ವು. ಈ ವರ್ಷ ಒಂದಾದ್ರೂ ಬಂತಾ? ನನ್ ಹಾಡು ಇಷ್ಟು ಕೆಲಸಕ್ಕಾದ್ರೂ ಬಂತಲ್ಲ, ಅನ್ನಿ."

ಪಿನ್‌ರುಯ್‌ಗೆ ನಗು ತಡೆಯಲಾಗಲಿಲ್ಲ. "ತಾತ, ಹಕ್ಕಿಗಳಿಗೆ ಭಯ ಆಗೋ ಥರ ಹಾಡಿದಾರೆ ಅಜ್ಜಿ!"

"ನೀನು ಸುಮ್ನೆ ಉಣ್ಣೇ," ಎಂದು ಯೆನ್‌ಚುನ್ ಮಗಳನ್ನು ಗದರಿದ.

ಮರುದಿನ ಬೆಳಿಗ್ಗೆ ಜಿನ್‌ತ್ಯೆನ್ ಏಣಿ ಹೊತ್ತು ತೋಟಕ್ಕೆ ಹೋದ. ಹಣ್ಣು ತೂಗುವ ಕೊಂಬೆಗಳ ನಡುವೆ ತಟ್ಟೆಗಳು ಬಿಸಿಲಿಗೆ ಮಿನುಗುತ್ತ ತಿರುಗುತ್ತಿದ್ದವು. ಮುಳ್ಳು ತರಚಿಸಿಕೊಂಡು ಒಂದನ್ನು ಬಿಡಿಸಿದ. ಬೆಳ್ಳಿಯ ಪೊರೆ ಹಾವಿನ ಚರ್ಮದಂತೆ ಎದ್ದು ಬಂದಿತ್ತು. ಅದರಾಚೆ ಆಕಾಶ ಕಾಣುತ್ತಿತ್ತು. ಎರಡನೆಯದೂ ಹಾಗೇ. ಮೂರನೆಯದನ್ನು ಬಿಡಿಸಲಿಲ್ಲ. ಏಣಿ ಇಳಿದು, ಬಂದದ್ದಕ್ಕೆ ಒಂದು ಬುಟ್ಟಿ ಹಣ್ಣು ಕಿತ್ತುಕೊಂಡು ಮನೆಗೆ ಬಂದ.

ಫುಂಗ್‌ಯಿನ್ ಅಂಗಳದಲ್ಲಿ ಹಣ್ಣು ಆರಿಸುತ್ತ ಕೂತಿದ್ದಳು. ಕಡಲಾಚೆಯ ಸಿಂಗ್ಕಾವಾಂಗಿನಿಂದ ಮದುವೆಯಾಗಿ ಬಂದವಳು. ಅಲ್ಲಿಯವರೂ ಹಕ್ಕಾ ಜನವೇ, ಮಾತೂ ಅದೇ, ಆದರೆ ರಾಗ ಬೇರೆ. ಮೊದಮೊದಲು ಅವಳು ಬಾಯಿ ತೆರೆದರೆ ಮಾವ "ಉಪ್ಪು ಸರಿಯಿದೆ, ಸಾರು ಬೇರೆ ಊರಿಂದು" ಎನ್ನುತ್ತಿದ್ದ. ಅವಳು ಅದಕ್ಕೆ "ನಿಮ್ಮೂರ ಸಾರಿಗೆ ಉಪ್ಪೇ ಇಲ್ಲ" ಎನ್ನುತ್ತಿದ್ದಳು. ಈಗ ಇಬ್ಬರಿಗೂ ಅದು ಬೇಸರವಾಗಿ ಬಿಟ್ಟಿದ್ದರು.

"ಮಾವ, ಆ ತಟ್ಟೇಲಿ ದನಿ ಹೆಂಗೆ ಇಡ್ತಿದ್ರಿ?"

"ಹೆಂಗೆ ಅಂದ್ರೆ? ಒಂದೇ ಹಾಡು, ಎರಡು ಪದರ. ಒಂದು ಬರೀ ವಾದ್ಯ, ಇನ್ನೊಂದು ದನಿ ಸಮೇತ. ಬೇರೆ ಕಂಪನಿಯವ್ರು ಮೊದಲು ದನಿ ಇಡ್ತಿದ್ರು. ನಾನು ಮೊದಲು ವಾದ್ಯ. ಯಾಕೆ ಹೇಳು?"

"ಯಾಕೆ?"

"ಕೊಳ್ಳೋನು ತಾನು ಹಾಡ್ಬೇಕು ಅಂತ ಕೊಳ್ತಾನೆ, ನಮ್ ಹಾಡು ಕೇಳೋಕಲ್ಲ. ತಟ್ಟೆ ಹಾಕಿದ ತಕ್ಷಣ ಅವನು ಹಾಡ್ಬೇಕು. ಬರ್ದಿದ್ರೆ ರಿಮೋಟಲ್ಲಿ ಗುಂಡಿ ಒತ್ತಿ ಕಲೀಬೇಕು. ನನ್ ತಟ್ಟೆ ಹಂಗಾಗೇ ಓಡಿದ್ದು."

ಫುಂಗ್‌ಯಿನ್ ಕೈಯ ಹಣ್ಣನ್ನು ಹಾಗೇ ಹಿಡಿದುಕೊಂಡು ಯೋಚಿಸಿದಳು. "ಈ ಡಬ್ಬಿ ರಿಮೋಟಲ್ಲಿ ಆ ಗುಂಡಿ ಇಲ್ಲ."

"ಇಲ್ಲ."

"ಅಂದ್ಮೇಲೆ ಅದು ಮೊದಲ್ನೇ ಪದರ ಮಾತ್ರ ಓದುತ್ತೆ. ಅದಕ್ಕೆ ಒಂದೇ ಕಿವಿ, ಮಾವ. ದನಿ ಒಳಗೇ ಇರ್ಬಹುದು, ಡಬ್ಬಿಗೆ ಕೇಳಿಸ್ತಿಲ್ಲ ಅಷ್ಟೆ."

ಜಿನ್‌ತ್ಯೆನ್ ಬುಟ್ಟಿ ಕೆಳಗಿಟ್ಟ.

"ಇರ್ಬಹುದು ಅಂದ್ರೆ?"

"ಇರ್ಬಹುದು ಅಂದ್ರೆ ಇರ್ಬಹುದು. ನನ್ ಫೋನಲ್ಲಿ ಸಿನಿಮಾ ನೋಡೋಕೆ ಬೇರೆ ಆಪ್ ಹಾಕ್ಕೊಂಡಿದೀನಿ. ಅದ್ರಲ್ಲಿ ಯಾವ ಪದರ ಬೇಕು ಅಂತ ಕೇಳುತ್ತೆ. ಅಂಥದ್ದನ್ನ ಡಬ್ಬಿಗೂ ಹಾಕ್ಬಹುದಂತೆ. ಡಬ್ಬಿಯೊಳಗಿನ ಆಪ್ ಅಂಗಡೀಲಿ ಅದು ಸಿಗಲ್ಲ, ನೋಡ್ದೆ. ಹೊರಗಿಂದ ತಂದು ಹಾಕ್ಬೇಕು."

ರಾತ್ರಿ ಅವಳು ಇದನ್ನು ಹೇಳಿದ ಕೂಡಲೇ ಯೆನ್‌ಚುನ್ ಊಟದ ಕಡ್ಡಿ ಕೆಳಗಿಟ್ಟ. ಅವನು ಪಟ್ಟಣ ಕಚೇರಿಯಲ್ಲಿ ಗುಮಾಸ್ತ.

"ಹೊರಗಿಂದ ತರೋದು, ಹಾಕೋದು, ಇವೆಲ್ಲ ನಮ್ಮನೇಲಿ ಬೇಡ. 'ಕಳ್ಳ ಡಬ್ಬಿ ಕೊಳ್ಳಬೇಡಿ' ಅಂತ ಊರ ಗೋಡೆಗೆಲ್ಲ ಕಾಗದ ಅಂಟಿಸಿದವನು ನಾನು. ಗೋಂದು ಇನ್ನೂ ಕೈಯಲ್ಲಿದೆ."

"ಇದು ಕಳ್ಳ ಡಬ್ಬಿ ಅಲ್ಲ ಕಣ್ರೀ. ಡಬ್ಬಿ ನೀವೇ ತಂದಿದ್ದು, ಡಿಸ್ಕು ಮಾವಂದು, ಹಾಡು ಅತ್ತೇದು. ಆಪ್ ಬರೀ ಆಡ್ಸುತ್ತೆ."

"ಯಾರ್ ಮಾಡಿದ್ದದು?"

"ಯಾರೋ ಒಂದಷ್ಟು ಜನ ಸೇರಿ ಮಾಡಿ ಬಿಟ್ಟಿ ಕೊಡ್ತಾರೆ."

"ಬಿಟ್ಟಿ!" ಎಂದ ಜಿನ್‌ತ್ಯೆನ್. ಆ ಮಾತು ಅವನಿಗೆ ಮುಳ್ಳಿನಂತೆ ಹತ್ತಿತು. ಅವನ ಕಸುಬನ್ನು ತಿಂದದ್ದೇ ಅದು. ತಿಂಗಳುಗಟ್ಟಲೆ ದುಡಿದು ಒಂದು ತಟ್ಟೆ ಹೊರತಂದರೆ, ಮರುವಾರ ರಾತ್ರಿಸಂತೆಯಲ್ಲಿ ಅದರ ನಕಲು ಹುರಿದ ಸ್ಕ್ವಿಡ್ಡಿನ ಗಾಡಿಯ ಪಕ್ಕ ರಾಶಿ ಬಿದ್ದಿರುತ್ತಿತ್ತು. "ಬಿಟ್ಟಿ ಕೊಡೋರ ಹೊಟ್ಟೆಗೇನು? ಗಾಳಿಯಾ? ಎಲ್ಲೋ ಯಾರದೋ ಕದ್ದೇ ಇರ್ತಾರೆ. ಕಳ್ಳರ ಸಾಮಾನು ನನ್ ಮನೆಗೆ ಬರಬಾರ್ದು."

"ಮಾವ, ಚಾಕು ಇರೋರೆಲ್ಲ ಕೊಲೆಗಡುಕರಾ?"

"ಎದುರು ಮಾತು ಸಾಕು."

ಫುಂಗ್‌ಯಿನ್ ಎದ್ದು ಪಾತ್ರೆ ಎತ್ತಿದಳು. ಬಚ್ಚಲಿನಲ್ಲಿ ಬೋಗುಣಿಗಳ ಸದ್ದು ಬೇಕಾದ್ದಕ್ಕಿಂತ ಜೋರಾಗಿ ಕೇಳಿಸಿತು. ಕ್ಯುಕ್‌ಮೊಯ್ ಯಾರ ಪರವೂ ವಹಿಸದೆ ಉಳಿದ ಸಾರನ್ನು ಗಂಡನ ಬಟ್ಟಲಿಗೆ ಸುರಿದು ಎದ್ದುಹೋದಳು.

ಒಂದು ವಾರ ಹೀಗೇ ಹೋಯಿತು. ಅತ್ತೆ ಸೊಸೆಯರು ಬೆಳಗಾದರೆ ತೋಟ, ಮಧ್ಯಾಹ್ನ ಅಂಗಳ, ಸಂಜೆ ಮಾರುಕಟ್ಟೆಗೆ ಹಣ್ಣು ತುಂಬುವುದು. ಫುಂಗ್‌ಯಿನ್ ಮಾವನೊಂದಿಗೆ ಬೇಕಾದಷ್ಟೇ ಮಾತಾಡಿದಳು. ಬೇಕಾದ್ದು ಎಂದರೆ "ಅನ್ನ", "ಚಹಾ", "ಬಾಗಿಲು". ಮಂಟಪದಲ್ಲಿ ಮೇಳದ ಹಳೆಯ ಕೊಳಲುಗಾರ, ಲೋ ಎಂಬವನು, "ಹಬ್ಬದ ದಿನ ಕಿವಿ ತೊಳ್ಕೊಂಡ್ ಬರ್ತೀನಪ್ಪ" ಎಂದು ನಗೆಯಾಡಿದಾಗ ಜಿನ್‌ತ್ಯೆನ್ "ಸೋಪು ಹಾಕಿ ತೊಳೆಯೋ" ಎಂದ. ದನಿ ಇಲ್ಲ ಎಂದು ಆಗಲೇ ಹೇಳಿಬಿಡಬಹುದಿತ್ತು. ಬದಲಿಗೆ ಎಲ್ಲರಿಗೂ ಇನ್ನೊಂದು ಸುತ್ತು ಚಹಾ ಹೇಳಿದ.

ಒಂದು ದಿನ ತೋಟದ ಅರ್ಧ ದಾರಿಯಲ್ಲಿ ಟೋಪಿ ಮರೆತದ್ದು ನೆನಪಾಗಿ ಅವನು ಹಿಂದಿರುಗಿದ. ಬಾಗಿಲಿಗೆ ಬರುವಾಗಲೇ ವಾದ್ಯ ಕೇಳಿಸಿತು. ಕ್ಯುಕ್‌ಮೊಯ್ ಟೀವಿಯ ಮುಂದೆ ನಿಂತಿದ್ದಳು. ಕೈಯಲ್ಲಿ ಪೊರಕೆ. ಅಕ್ಷರಗಳು ನೀಲಿಯಾಗುತ್ತಿದ್ದವು, ಅವಳ ತುಟಿ ಅವುಗಳ ಜೊತೆ ಅಲುಗಾಡುತ್ತಿತ್ತು. ಸ್ವರ ಮೇಲೇರುವ ಕಡೆ ಗದ್ದ ಮೇಲೆದ್ದಿತು, ಕುತ್ತಿಗೆಯ ಹಳೆಯ ಗಾಯದ ಗೆರೆ ಬಿಗಿಯಾಯಿತು. ಬಾಯಿಂದ ಏನೂ ಬರಲಿಲ್ಲ. ಆ ಕೋಣೆಯಲ್ಲಿ ವಾದ್ಯ ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಜಿನ್‌ತ್ಯೆನ್ ಟೋಪಿ ತೆಗೆದುಕೊಳ್ಳದೆ ಹಿಂದಕ್ಕೆ ಸರಿದು, ಮನೆಯ ಪಕ್ಕದಿಂದ ಸುತ್ತಿ ಹಿತ್ತಿಲಿಗೆ ಹೋದ. ಫುಂಗ್‌ಯಿನ್ ಬಟ್ಟೆ ಒಣಹಾಕುತ್ತಿದ್ದಳು.

"ಅದೇನೋ ಹಾಕ್ತೀನಿ ಅಂದ್ಯಲ್ಲ," ಎಂದ.

"ಬಟ್ಟೇನಾ?"

"ಡಬ್ಬಿಗೆ."

"ಕಳ್ಳರ ಸಾಮಾನಾ?"

"ಹಾಕು."

ಅವಳು ಒದ್ದೆ ಅಂಗಿ ಕೊಡವಿದಳು. ನೀರು ಅವನ ಮುಖಕ್ಕೆ ಸಿಡಿಯಿತು. ಬೇಕೆಂದೇ ಕೊಡವಿದಳೋ ಏನೋ, ಇಬ್ಬರೂ ಆ ಮಾತೆತ್ತಲಿಲ್ಲ.

ಭಾನುವಾರ ಮಧ್ಯಾಹ್ನ ಯೆನ್‌ಚುನ್ ಕಚೇರಿಯವರ ಮದುವೆಗೆ ಹೋಗಿದ್ದಾಗ ಕೆಲಸ ಶುರುವಾಯಿತು. ಫುಂಗ್‌ಯಿನ್ ಫೋನಿನಿಂದ ಪೆನ್‌ಡ್ರೈವಿಗೆ ಆಪ್ ಇಳಿಸಿಕೊಂಡು ಡಬ್ಬಿಗೆ ಸಿಕ್ಕಿಸಿದಳು. ಡಬ್ಬಿ ಒಪ್ಪಲಿಲ್ಲ. ಹೊರಗಿನದನ್ನು ಒಳಬಿಡುವ ಬಾಗಿಲು ಎಲ್ಲೋ ಅಡಗಿತ್ತು. ಅವಳು ಸೆಟ್ಟಿಂಗ್ಸಿಗೆ ಹೋಗಿ, ಡಬ್ಬಿಯ ಕುಲಗೋತ್ರವೆಲ್ಲ ಬರೆದಿರುವ ಪುಟ ಹುಡುಕಿ, ಕೊನೆಯ ಸಾಲಿನ ಮೇಲೆ ಗುಂಡಿಯನ್ನು ಮೇಲಿಂದ ಮೇಲೆ ಒತ್ತಿದಳು. ಒಂದು ಪಟ್ಟಿ ಎದ್ದು ಬಂತು. ಪಿನ್‌ರುಯ್ ಗಟ್ಟಿಯಾಗಿ ಓದಿದಳು: "'ನೀವೀಗ ತಯಾರಕರು!' ಅಮ್ಮ, ನೀನು ತಯಾರಕಳಂತೆ!"

"ಅಷ್ಟು ಸುಲಭನಾ?" ಎಂದ ಜಿನ್‌ತ್ಯೆನ್. "ನಂಗೆ ತಯಾರಕ ಅನ್ನಿಸ್ಕೊಳ್ಳೋಕೆ ಪರವಾನಗಿ ಕಚೇರಿಗೆ ಆರು ತಿಂಗಳು ಅಲೆದಾಡ್ಸಿದ್ರು."

ಮುಂದಿನ ಪಟ್ಟಿಯನ್ನು ಅವನೇ ಕನ್ನಡಕ ಏರಿಸಿ ಓದಿದ. ಅಪರಿಚಿತ ಮೂಲದಿಂದ ಬಂದ ಆಪ್ ನಿಮ್ಮ ಸಾಧನಕ್ಕೆ ಹಾನಿ ಮಾಡಬಹುದು, ಹೊಣೆ ನಿಮ್ಮದು, ಒಪ್ಪುತ್ತೀರಾ? ಫುಂಗ್‌ಯಿನ್ ರಿಮೋಟನ್ನು ಮಾವನ ಕಡೆ ಚಾಚಿದಳು. "ಮನೆ ಯಜಮಾನ್ರು ಒತ್ತಲಿ. ನಾಳೆ ನನ್ ಮೇಲೆ ಬರ್ಬಾರ್ದು." ಜಿನ್‌ತ್ಯೆನ್ ಒಂದು ಸಲ ಕ್ಯುಕ್‌ಮೊಯ್ ಇದ್ದ ಅಡಿಗೆಮನೆಯ ಕಡೆ ನೋಡಿ ಒತ್ತಿದ.

ಆಪ್ ಒಳಗೆ ಹೋಯಿತು. ತೆರೆಯಿತು. ತೆರೆದದ್ದೇ ಪರದೆಯೆಲ್ಲ ಅಡ್ಡಕ್ಕೆ ಮಲಗಿತು. ರಿಮೋಟಿನ ಬಾಣಗಳನ್ನು ಎಷ್ಟು ಒತ್ತಿದರೂ ಒಂದು ಗೆರೆ ಅಲುಗಾಡಲಿಲ್ಲ.

"ಅಯ್ಯೋ, ಫೋನಿನ ಆಪ್ ಹಾಕ್ಬಿಟ್ಟೆ," ಎಂದಳು ಫುಂಗ್‌ಯಿನ್. "ಇದಕ್ಕೆ ಬೆರಳು ಬೇಕು. ಟೀವೀದು ಬೇರೆ ಇರುತ್ತೆ."

ಪಿನ್‌ರುಯ್ ಓಡಿಹೋಗಿ ಟೀವಿಯ ಗಾಜನ್ನು ಬೆರಳಿನಿಂದ ಉಜ್ಜಿ ನೋಡಿದಳು. ಕೊಬ್ಬಿನ ಕಲೆ ಬಿತ್ತು, ಅಷ್ಟೆ. ಅದೇ ಹೊತ್ತಿಗೆ ಡಬ್ಬಿ ತಾನಾಗಿ ಆರಿಹೋಯಿತು. ಮತ್ತೆ ಹೊತ್ತಿಕೊಂಡಾಗ ಡಿಸ್ಕಿನ ಹೆಸರೇ ಕಾಣಲಿಲ್ಲ.

"ಹೋಯ್ತು!" ಜಿನ್‌ತ್ಯೆನ್ ಎದ್ದು ನಿಂತ. "ಇದ್ದ ವಾದ್ಯಾನೂ ಹೋಯ್ತು! ಯಾರು ಹೇಳಿದ್ರು ನಿಂಗೆ, ಯಾರು ಹೇಳಿದ್ರು?"

"ನೀವೇ ಹೇಳಿದ್ರಿ, ಹಿತ್ತಲಲ್ಲಿ!"

"ತಾತ," ಎಂದಳು ಪಿನ್‌ರುಯ್ ಡಬ್ಬಿಯ ಮೇಲೆ ಕೈಯಾಡಿಸುತ್ತ, "ಇಲ್ಲಿ ಇಟ್ಟಿದ್ದ ಹಸಿರು ಪೊಟ್ಟಣ ಎಲ್ಲಿ?"

ಬಾಗಿಲಲ್ಲಿ ಯೆನ್‌ಚುನ್ ನಿಂತಿದ್ದ. ಮದುವೆ ಊಟದ ಉಳಿಕೆಯ ಚೀಲ ಕೈಯಲ್ಲಿ. ಎಲ್ಲರನ್ನೂ ನೋಡಿದ, ಟೀವಿ ನೋಡಿದ, ಡಬ್ಬಿ ನೋಡಿದ.

"ನಾನು ಅಲ್ಲಿಟ್ಟಿದ್ದ ಕುರುಕಲು ಪೊಟ್ಟಣ ಯಾರು ತೆಗೆದ್ರು?" ಎಂದ. ಯಂತ್ರಗಳು ತಂಟೆ ಮಾಡದಿರಲಿ ಎಂದು ಹರಕೆಯಂತೆ ಕುರುಕಲಿನ ಹಸಿರು ಪೊಟ್ಟಣ ಇಡುವುದು ಅವನ ಕಚೇರಿಯಲ್ಲೂ ಇತ್ತು, ಪ್ರತಿ ಪ್ರಿಂಟರಿನ ತಲೆಯ ಮೇಲೂ. ಹಳದಿ ಇಡುವಂತಿಲ್ಲ, ಒಡೆಯುವಂತಿಲ್ಲ, ತಾರೀಖು ಮೀರುವಂತಿಲ್ಲ.

ಜಿನ್‌ತ್ಯೆನ್ ಮೀಸೆ ಒರೆಸಿಕೊಂಡ. "ನಿನ್ನೆ ತಿಂದೆ. ಹಸಿವಾಗಿತ್ತು."

"ಅಪ್ಪ! ಅದನ್ನ ತಿನ್ತಾರಾ?"

"ತಿಂಡಿ ಅಲ್ವೇನೋ ಅದು?"

"ಡಬ್ಬಿಗೆ ಇಟ್ಟಿದ್ದು! ಡಬ್ಬಿ ಮುಂದೆ ಇಟ್ಟಿದ್ದನ್ನ ತಿಂದು, ಅದೇ ಡಬ್ಬಿಗೆ ಹೊರಗಿನ ಸಾಮಾನು ಹಾಕ್ತಾ ಕೂತಿದೀರಿ. ಇನ್ನೇನಾಗುತ್ತೆ?"

"ನಿಂಗೆ ಕೋಪ ಯಾವುದಕ್ಕೆ ಅಂತ ಮೊದಲು ತೀರ್ಮಾನ ಮಾಡ್ಕೊ," ಎಂದಳು ಫುಂಗ್‌ಯಿನ್. ನಾಲ್ಕು ಜನರ ಮುಂದೆ ಅವಳು ಗಂಡನನ್ನು ಏಕವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು. "ಪೊಟ್ಟಣಕ್ಕೋ, ಆಪಿಗೋ? ನಿನ್ ಕಾಗದದಲ್ಲಿ ಏನು ಬರ್ದಿದೆ, ಹೇಳು."

ಯೆನ್‌ಚುನ್‌ಗೆ ಅದು ಬಾಯಿಪಾಠವಿತ್ತು. "'ಅನುಮತಿಯಿಲ್ಲದ ಚಾನೆಲ್ಲು, ಸಿನಿಮಾ ತೋರಿಸುವ ಡಬ್ಬಿ...'" ಎಂದು ಶುರುಮಾಡಿ ನಡುವೆ ನಿಂತ.

"ಅತ್ತೆ ಹಾಡೋಕೆ ಯಾರ ಅನುಮತಿ ಬೇಕು?"

ಅಡಿಗೆಮನೆಯಿಂದ ಕತ್ತರಿಸುವ ಸದ್ದು ಒಂದೇ ಸಮನೆ ಬರುತ್ತಿತ್ತು. ಯೆನ್‌ಚುನ್ ಊಟದ ಚೀಲವನ್ನು ಮೇಜಿನ ಮೇಲಿಟ್ಟು ಹೊರಗೆ ಹೋದ. ಸ್ಕೂಟರು ಹೊರಟ ಸದ್ದಾಯಿತು.

"ಸಿಟ್ಟು ಮಾಡ್ಕೊಂಡ್ ಹೋದ," ಎಂದ ಜಿನ್‌ತ್ಯೆನ್.

ಫುಂಗ್‌ಯಿನ್ ಫೋನು ಹಿಡಿದು ಟೀವಿಗೆಂದೇ ಮಾಡಿದ ಆಪನ್ನು ಹುಡುಕಿ ಇಳಿಸುತ್ತಿದ್ದಳು. ತಪ್ಪನ್ನು ಅಳಿಸಿ ಸರಿಯಾದದ್ದನ್ನು ಸಿಕ್ಕಿಸುವ ಹೊತ್ತಿಗೆ ಸ್ಕೂಟರು ವಾಪಸು ಬಂತು. ಯೆನ್‌ಚುನ್ ಒಳಗೆ ಬಂದು, ಯಾರ ಮುಖವನ್ನೂ ನೋಡದೆ, ಹೊಸ ಹಸಿರು ಪೊಟ್ಟಣದ ತಾರೀಖನ್ನು ಇನ್ನೊಮ್ಮೆ ಪರೀಕ್ಷಿಸಿ, ಡಬ್ಬಿಯ ಪಕ್ಕ ನೆಟ್ಟಗೆ ನಿಲ್ಲಿಸಿದ. ಆಮೇಲೆ ಬಗ್ಗಿ ಡಿಸ್ಕಿನ ತಂತಿಯನ್ನು ಮುಟ್ಟಿ ನೋಡಿದ. ಸಡಿಲವಾಗಿತ್ತು. ಒತ್ತಿದ. ಡಿಸ್ಕಿನ ಹೆಸರು ಪರದೆಯ ಮೇಲೆ ಮರಳಿತು.

"ನೋಡಿದ್ರಾ?" ಎಂದ, ಪೊಟ್ಟಣದ ಕಡೆ ತೋರಿಸಿ.

ಹೊಸ ಆಪ್ ನೆಟ್ಟಗೆ ತೆರೆಯಿತು. ಬಾಣ ಒತ್ತಿದರೆ ಸರಿಯಿತು. ಹಾಡುಗಳ ಸಾಲು ಬಂತು. ಕೊಡೆಯ ಹುಡುಗಿ ಬಂದಳು, ಪಿಟೀಲು ಬಂತು. ದನಿಯಿಲ್ಲ. ಫುಂಗ್‌ಯಿನ್ ಗುಂಡಿಯೊಂದನ್ನು ಒತ್ತಿಹಿಡಿದಳು. ಚಿಕ್ಕ ಪಟ್ಟಿಯಲ್ಲಿ ಎರಡು ಸಾಲು: ಧ್ವನಿ ಒಂದು, ಧ್ವನಿ ಎರಡು.

"ಎರಡು ಇದೆ ಮಾವ," ಎಂದಳು ಮೆತ್ತಗೆ. "ಎರಡಿದೆ."

ಜಿನ್‌ತ್ಯೆನ್ ಎಡಗಿವಿಯನ್ನು ಅಂಗೈಯಿಂದ ಮುಚ್ಚಿಕೊಂಡು ಬಲಗಿವಿಯನ್ನು ಟೀವಿಯ ಕಡೆ ತಿರುಗಿಸಿ ನಿಂತ. ಯಾರು ನೋಡಿದರೇನು ಅನ್ನಿಸಿತು. ಅವಳು ಒತ್ತಿದಳು.

ದನಿ ನಡುವಿನಿಂದಲೇ ಬಂತು, ಒಂದು ಸ್ವರದ ತುದಿಯಿಂದ. ಕೆಂಡದ ಮೇಲಿಟ್ಟ ಹೆಂಚಿನಂತೆ ಬಿಸಿಯಾದ, ಅಂಜಿಕೆಯಿಲ್ಲದ ದನಿ. ಎಲ್ಲೂ ಅಲುಗಾಡದೆ ಮೇಲೇರಿ, ಏರಿದ ಕಡೆ ತನಗಿಷ್ಟವಾದಷ್ಟು ಹೊತ್ತು ನಿಂತು, ಯಾರ ಹಂಗೂ ಇಲ್ಲದಂತೆ ಇಳಿಯಿತು. ಅಡಿಗೆಮನೆಯಲ್ಲಿ ಕತ್ತಿಯ ಸದ್ದು ನಿಂತಿತು.

"ಅಜ್ಜಿನಾ ಇದು?" ಎಂದಳು ಪಿನ್‌ರುಯ್. ಹುಟ್ಟಿದಾಗಿನಿಂದ ಅವಳು ಅಜ್ಜಿಯ ಎಲೆಯ ದನಿಯನ್ನು ಮಾತ್ರ ಕೇಳಿದ್ದಳು.

"ನಿಮ್ಮಜ್ಜಿನೇ," ಎಂದ ಜಿನ್‌ತ್ಯೆನ್. "ಇನ್ಯಾರು ಹಾಡ್ತಾರೆ ಹಿಂಗೆ? ಜಿಲ್ಲೇಲಿ ತೋರ್ಸು ಇನ್ನೊಬ್ಬಳನ್ನ."

ಕ್ಯುಕ್‌ಮೊಯ್ ಶುಂಠಿ ಅಂಟಿದ ಕೈಯಲ್ಲೇ ಬಂದು ಬಾಗಿಲಿಗೆ ಒರಗಿ ನಿಂತಳು. ಹಾಡು ಮುಗಿಯುವವರೆಗೂ ಪರದೆ ನೋಡಲಿಲ್ಲ, ನೆಲ ನೋಡಿದಳು. ಆಮೇಲೆ "ಎರಡ್ನೇ ಸಾಲಲ್ಲಿ ಉಸಿರು ಬೇಗ ತಗೊಂಡಿದೀನಿ" ಎಂದಳು. "ಇನ್ನೊಂದು ಹಾಕು ನೋಡಣ."

ಫುಂಗ್‌ಯಿನ್ ಮುಂದಿನದನ್ನು ಹಾಕಿದಳು. ಅದು ಗಂಡು ಹೆಣ್ಣು ಎದುರುಬದುರು ಹಾಡುವ ಹಾಡು. ಪರದೆಯ ಅಕ್ಷರಗಳಲ್ಲಿ ಚಹಾ ಚಿಗುರು ಬಿಡಿಸುವಾಗ ಮಂಜು ಗುಡ್ಡ ಇಳಿದ ಕತೆಯಿತ್ತು. ದನಿಯಲ್ಲಿ ಬೇರೆಯೇ ಇತ್ತು.

*ಕೆಂಪು ಬೋರೆ ಕಿತ್ತು ತಂದೆ, ಮಡಿಲ ತುಂಬ ತಂದೆ ಕಾಣೊ,*
*ತಿಂದು ಸುಮ್ನೆ ಹೊರಟವನೆ, ಸಿಹಿಯೊ ಒಗರೊ ಹೇಳಿ ಹೋಗೊ.*

"ಅತ್ತೆ, ಬರ್ದಿದ್ದೊಂದು, ಹಾಡಿದ್ದೊಂದು!" ಎಂದಳು ಫುಂಗ್‌ಯಿನ್.

"ಅವತ್ತು ಬಾಯಿಗೆ ಹಂಗೆ ಬಂತು," ಎಂದು ಕ್ಯುಕ್‌ಮೊಯ್ ಅಡಿಗೆಮನೆಗೆ ಹೋದಳು.

ಹಬ್ಬದ ಮಧ್ಯಾಹ್ನ ಅಂಗಳದಲ್ಲಿ ಎರಡು ದುಂಡು ಮೇಜು ಹಾಕಿದರು. ಶುಂಠಿ ಹಾಕಿ ಹುರಿದ ಕರುಳು, ಒಣ ಸ್ಕ್ವಿಡ್ಡು ಮತ್ತು ಹಂದಿಮಾಂಸದ ಹುರಿದ ಪಲ್ಯ, ಅಕ್ಕಿಯ ಅಗಲ ಶಾವಿಗೆ, ಬೋರೆಹಣ್ಣು ಹಾಕಿದ ಕೋಳಿ ಸಾರು. ಜಿನ್‌ತ್ಯೆನ್ ಬೆಳಿಗ್ಗೆಯೇ ಟೀವಿಯನ್ನು ಬಾಗಿಲ ಬಳಿಗೆ ಎಳೆಸಿ, ದನಿ ಬೀದಿಯವರೆಗೆ ಹೋಗುವಂತೆ ಮಾಡಿಸಿದ್ದ. "ಅಕ್ಕಪಕ್ಕದವ್ರು ಬಯ್ತಾರೆ ಅಪ್ಪ" ಎಂದರೆ "ಬಯ್ಯಲಿ, ಮೊದಲು ಕೇಳಲಿ" ಎಂದ.

ಮೇಳದವರು ಉಣ್ಣುವುದನ್ನು ಬಿಟ್ಟು ಕೇಳಿದರು. ಪಿಟೀಲಿನ ಮುದುಕಿ, ಸತ್ತ ತನ್ನ ಗಂಡನ ಡೋಲನ್ನು ಆ ಹಾಡಿನ ಹಿಂದೆ ಗುರುತಿಸಿ, ಕಡ್ಡಿಯಿಂದ ಬಟ್ಟಲಿಗೆ ತಾಳ ಹಾಕತೊಡಗಿದಳು. ಬೀದಿಯಲ್ಲಿ ಹೋಗುತ್ತಿದ್ದವರು ನಿಂತರು. ಜಿನ್‌ತ್ಯೆನ್ ಮೇಜಿನಿಂದ ಮೇಜಿಗೆ ಓಡಾಡಿದ.

"ಕೇಳಿ, ಈಗ ಬರುತ್ತೆ ನೋಡಿ ಏರು. ಎಲ್ಲಾದ್ರೂ ನಡುಗಿತಾ? ಇದನ್ನ ತೆಗೆದವಳು ನಮ್ ಸೊಸೆ. ಪೇಟೆಯವ್ರ ಕೈಲಿ ಆಗ್ಲಿಲ್ಲ, ಡಬ್ಬಿ ಮಾಡಿದೋರ ಕೈಲಿ ಆಗ್ಲಿಲ್ಲ. ಇವಳು ಈಗ ತಯಾರಕಳು, ಡಬ್ಬೀನೇ ಬರ್ಕೊಟ್ಟಿದೆ!"

"ಸಾಕು ಮಾವ, ಕೂತ್ಕೊಂಡು ಉಣ್ಣಿ," ಎಂದಳು ಫುಂಗ್‌ಯಿನ್. ಕಿವಿ ಕೆಂಪಾಗಿದ್ದವು.

"ನಿಮ್ಮ ಸೊಸೆ ಮಾತು ಈ ಕಡೇದಲ್ಲ ಅಲ್ವಾ?" ಎಂದು ಯಾರೋ ಕೇಳಿದರು.

"ಈ ಮನೇದು," ಎಂದ ಜಿನ್‌ತ್ಯೆನ್. "ಸಾರು ಬಡಿಸ್ಕೊಳ್ಳಿ."

ಎದುರುಬದುರು ಹಾಡು ಬಂತು. ಕ್ಯುಕ್‌ಮೊಯ್ ಕೇಳುವ ಸಾಲು ಮುಗಿದು, ತೌಫೆನ್‌ನಿಂದ ಕೂಲಿಗೆ ಕರೆಸಿದ್ದ ಗಂಡಸು ಚಹಾ, ಮಂಜು ಎಂದು ಏನೋ ಉತ್ತರ ಹಾಡಿದ. ಕೊಳಲಿನ ಲೋ ಕಡ್ಡಿಯಿಂದ ಜಿನ್‌ತ್ಯೆನ್‌ನನ್ನು ತೋರಿಸಿದ.

"ಅವಳು ಬೋರೆ ಕೇಳಿದ್ರೆ ಇವನು ಚಹಾ ಕುಡಿಸ್ತಾನಲ್ಲೋ! ನಂಗೆ ನೆನಪಿದೆ, ಅವತ್ತು ಹಾಡು ತೆಗೆಯೋವಾಗ ನೀನು ಗಾಜಿನ ಆಚೆ ನಿಂತಿದ್ದೆ. ಒಂದಕ್ಷರ ತಪ್ಪಿದ್ರೂ ನಿಲ್ಸಿ ಮತ್ತೆ ಹಾಡ್ಸೋನು, ಪೂರಾ ಸಾಲೇ ಬದಲಾದ್ರೂ ಬಿಟ್ಬಿಟ್ಟೆ. ಯಾಕೋ?"

ಎಲ್ಲರೂ ನಕ್ಕರು. ಕ್ಯುಕ್‌ಮೊಯ್ ನಗಲಿಲ್ಲ. ಬಡಿಸುವ ಸೌಟು ಹಿಡಿದುಕೊಂಡು ಗಂಡನ ಕಡೆ ನೋಡಿದಳು. ಸಾರಿಗೆ ಉಪ್ಪು ಸರಿಯಿದೆಯೇ ಎಂದು ಕೇಳುವಾಗ ನೋಡುವಂತೆ.

"ಟೇಪಿಗೆ ದುಡ್ಡು ಬೀಳ್ತಿತ್ತಲ್ಲಪ್ಪ," ಎಂದ ಜಿನ್‌ತ್ಯೆನ್. "ಎಷ್ಟು ಸಲ ಅಂತ ತೆಗೀಲಿ?"

ಮತ್ತೆ ನಕ್ಕರು. ಕ್ಯುಕ್‌ಮೊಯ್ ಲೋನ ಬಟ್ಟಲಿಗೆ ಸಾರು ಹಾಕಿ, ಗಂಡನ ಬಟ್ಟಲಿಗೂ ಹಾಕಿ, ಮೇಲೊಂದು ಬೋರೆಹಣ್ಣು ಬರುವಂತೆ ಸೌಟು ತಿರುಗಿಸಿದಳು. ಅವನು ಅದನ್ನು ತಿಂದು, ಬೀಜವನ್ನು ಮೇಜಿನ ಅಂಚಿಗಿಟ್ಟು, ಮುಂದಿನ ಹಾಡು ಹಾಕುವಂತೆ ಸೊಸೆಗೆ ಸನ್ನೆ ಮಾಡಿದ.

ಅಂದು ಧ್ವನಿಮುದ್ರಣದ ಕೋಣೆಯಲ್ಲಿ ಸಿಹಿಯೊ ಒಗರೊ ಎಂದು ಅವಳು ಕೇಳಿದ್ದು ಕೂಲಿಗೆ ಬಂದ ಹಾಡುಗಾರನನ್ನಲ್ಲ, ತನ್ನನ್ನು ಎಂದು ಅವನಿಗೆ ಆಗಲೇ ತಿಳಿದಿತ್ತು. ಅದಕ್ಕೇ ಅವನು ನಿಲ್ಲಿಸಲಿಲ್ಲ. ಈ ಮಾತನ್ನು ಜಿನ್‌ತ್ಯೆನ್ ಕ್ಯುಕ್‌ಮೊಯ್‌ಗೆ ಎಂದೂ ಹೇಳಲಿಲ್ಲ.